ಹಿಂದಿನ ಬೆಂಚಿನ ಸೂಪರ್‌ಹೀರೊ

(ಗುಜರಾತಿನ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)

ಅಧ್ಯಕ್ಷರೆ, ದತ್ತಿದಾನಿಗಳ ಮನೆಯವರೆ, ಅಹಮದಾಬಾದ್, ವಡೋದರಾ, ಸೂರತ್‌ಗಳಿಂದ ಬಂದಿರುವ ಕನ್ನಡ ಬಂಧುಗಳೆ, ಮುಂದಿನ ಸಾಲಿನಲ್ಲಿ ಆಗಲೇ ಚಡಪಡಿಸುತ್ತಿರುವ ಮಕ್ಕಳೆ,

ದತ್ತಿ ಉಪನ್ಯಾಸ ಎಂದಮೇಲೆ ವಚನ ಸಾಹಿತ್ಯವೋ ಕುಮಾರವ್ಯಾಸನೋ ಇರುತ್ತದೆ ಎಂದು ನಂಬಿ ಬಂದ ಹಿರಿಯರ ಕ್ಷಮೆ ಕೇಳುತ್ತೇನೆ. ಇವತ್ತಿನ ವಿಷಯ ಹೈಸ್ಕೂಲಿನಲ್ಲಿ ನಡೆಯುವ ಸೂಪರ್‌ಹೀರೊ ಹಾಸ್ಯಚಿತ್ರ. ಈ ದತ್ತಿಯನ್ನು ಇಟ್ಟವರು ಜೀವಮಾನವಿಡೀ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರು. ಆದ್ದರಿಂದ ಶಾಲೆಯನ್ನು ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ ಎಂಬ ಭರವಸೆಯನ್ನು ಮಾತ್ರ ಕೊಡಬಲ್ಲೆ.

ಈ ಜಾತಿಯ ಚಿತ್ರಗಳಲ್ಲಿ ಹೆಸರು ಮಾಡಿದ್ದು ಡಿಸ್ನಿಯವರ ‘ಸ್ಕೈ ಹೈ’. 2005ರ ಚಿತ್ರ, ನಿರ್ದೇಶಕ ಮೈಕ್ ಮಿಚೆಲ್. ಮೋಡಗಳ ಮೇಲೆ ತೇಲುವ ಒಂದು ಹೈಸ್ಕೂಲು, ಅಲ್ಲಿಗೆ ಹಾರಿ ಹೋಗುವ ಸ್ಕೂಲ್ ಬಸ್ಸು. ಓದುವವರಲ್ಲಿ ಹೆಚ್ಚಿನವರು ಅತಿಮಾನವ ಶಕ್ತಿಯುಳ್ಳವರ ಮಕ್ಕಳು. ಕಥಾನಾಯಕನ ಅಪ್ಪ ಅಮ್ಮ ಇಬ್ಬರೂ ಜಗತ್ಪ್ರಸಿದ್ಧ ಸೂಪರ್‌ಹೀರೊಗಳು. ಹುಡುಗನಿಗೆ ಮಾತ್ರ ಇನ್ನೂ ಯಾವ ಶಕ್ತಿಯೂ ಬಂದಿಲ್ಲ, ಮನೆಯಲ್ಲಿ ಹೇಳಲು ಧೈರ್ಯವೂ ಇಲ್ಲ. ಶಾಲೆಯ ಮೊದಲ ದಿನವೇ ಒಂದು ಪರೀಕ್ಷೆ. ಪಿ.ಟಿ. ಮೇಷ್ಟ್ರು ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು ‘ನಿನ್ನ ಶಕ್ತಿ ತೋರಿಸು’ ಅನ್ನುತ್ತಾರೆ. ಮೇಷ್ಟ್ರು ಮೆಚ್ಚಿದವರು ಹೀರೊ ತರಗತಿಗೆ, ಉಳಿದವರು ಹೀರೊಗಳ ಸಹಾಯಕರ ತರಗತಿಗೆ. ನಮ್ಮ ಹುಡುಗ ಸಹಾಯಕರ ಜೊತೆ ಹೋಗಿ ಕೂರುತ್ತಾನೆ. ಆ ಪಿ.ಟಿ. ಮೇಷ್ಟ್ರಿಗೂ ಒಂದು ಅತಿಮಾನವ ಶಕ್ತಿಯಿದೆ: ಎದುರಿಗಿದ್ದವರು ಹಾರಿಬೀಳುವಷ್ಟು ಜೋರಾಗಿ ಕಿರುಚುವುದು. ನಮ್ಮ ಕಡೆಯ ಪಿ.ಟಿ. ಮೇಷ್ಟ್ರುಗಳನ್ನು ಕಂಡವರಿಗೆ ಇದರಲ್ಲಿ ಕಲ್ಪನೆಯ ಪಾಲು ಕಡಿಮೆ ಅನಿಸಬಹುದು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಟಿಸಿದವರು ಲಿಂಡಾ ಕಾರ್ಟರ್. 1970ರ ದಶಕದ ದೂರದರ್ಶನ ಸರಣಿಯಲ್ಲಿ ವಂಡರ್ ವುಮನ್ ಆಗಿದ್ದವರು ಅವರೇ.

ಆ ಚಿತ್ರದಲ್ಲಿ ಕಣ್ಣಿಗೆ ಬೀಳುವುದು ಹಾರುವ ಬಸ್ಸು. ಮನಸ್ಸಿನಲ್ಲಿ ಉಳಿಯುವುದು ಆ ವಿಂಗಡಣೆ. ಹದಿನಾಲ್ಕು ವರ್ಷದ ಮಗುವನ್ನು ನಾಲ್ಕು ಜನರೆದುರು ನಿಲ್ಲಿಸಿ ‘ನೀನು ಮುಖ್ಯ, ನೀನು ಅಮುಖ್ಯ’ ಎಂದು ಹೇಳಿಬಿಡುವ ಅಧಿಕಾರ ಶಾಲೆಗೆ ಬಂದದ್ದು ಹೇಗೆ? ಹೈಸ್ಕೂಲಿನ ಸೂಪರ್‌ಹೀರೊ ಹಾಸ್ಯದ ಬೇರು ಇರುವುದು ಈ ಪ್ರಶ್ನೆಯಲ್ಲಿ ಎಂದು ನನ್ನ ವಾದ. ವಿಂಗಡಣೆಯನ್ನು ನೋಡಿ ನಗುವ ಚಿತ್ರ ಗೆಲ್ಲುತ್ತದೆ. ವಿಂಗಡಣೆಯಲ್ಲಿ ಕೆಳಗೆ ಬಿದ್ದವನಿಗೆ ಕೊನೆಗೊಂದು ಶಕ್ತಿ ದಯಪಾಲಿಸಿ ಮೇಲಿನ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳುವ ಚಿತ್ರ ಅರ್ಧ ಸೋಲುತ್ತದೆ. ‘ಸ್ಕೈ ಹೈ’ ಎರಡನ್ನೂ ಮಾಡುತ್ತದೆ. ಹುಡುಗನಿಗೆ ನಡುವಿನಲ್ಲಿ ಅಪ್ಪನ ಬಲ ಬಂದೇ ಬರುತ್ತದೆ. ಆದರೆ ಕೊನೆಗೆ ಶಾಲೆಯನ್ನು ಉಳಿಸುವ ಕೆಲಸದಲ್ಲಿ ಸಹಾಯಕರ ತರಗತಿಯ ಮಕ್ಕಳಿಗೂ ಪಾಲು ಸಿಗುತ್ತದೆ. ಅಷ್ಟರ ಮಟ್ಟಿಗೆ ಅದು ಮರ್ಯಾದಸ್ತ ಚಿತ್ರ.

ಈಗ ಅಹಮದಾಬಾದಿಗೆ ಬರೋಣ. ಗುಜರಾತಿ ಶಾಲೆಗಳಲ್ಲಿ ಓದಿನಲ್ಲಿ ಹಿಂದುಳಿದ ಹುಡುಗನನ್ನು ‘ಢ’ ಎಂದು ಕರೆಯುತ್ತಾರೆಂದು ಇಲ್ಲಿ ಮಕ್ಕಳನ್ನು ಓದಿಸಿದ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಒಂದಕ್ಷರವನ್ನೇ ಹೆಸರಾಗಿಟ್ಟುಕೊಂಡ ಚಿತ್ರವನ್ನು ಮನೀಶ್ ಸೈನಿ ಮಾಡಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತವರು ಅವರು. 2017ರ ಚಿತ್ರಗಳಿಗೆ ಕೊಟ್ಟ 65ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಗುಜರಾತಿ ಚಿತ್ರವಾಯಿತು. ಕಥೆ ಬಲು ಸರಳ. ಓದು ತಲೆಗೆ ಹತ್ತದ ಮೂವರು ಗೆಳೆಯರು. ಡುಮ್ಕಿ ಹೊಡೆಯುವುದು ಖಚಿತ. ಒಬ್ಬ ಜಾದೂಗಾರನ ಮೇಲೆ ಅವರಿಗೆ ಅಪಾರ ನಂಬಿಕೆ ಹುಟ್ಟುತ್ತದೆ. ಗಾಳಿಯಲ್ಲಿ ಪಾರಿವಾಳ ತೆಗೆಯಬಲ್ಲವನಿಗೆ ಮೂರು ಹುಡುಗರನ್ನು ಪಾಸು ಮಾಡಿಸುವುದು ಯಾವ ಲೆಕ್ಕ? ಕಾಗದ ಬರೆಯುತ್ತಾರೆ. ಜಾದೂಗಾರನಾಗಿ ನಸೀರುದ್ದೀನ್ ಷಾ.

ಆ ಹುಡುಗರ ತರ್ಕದಲ್ಲಿ ಒಂದು ನ್ಯಾಯವಿದೆ. ಅವರ ಮಟ್ಟಿಗೆ ಪರೀಕ್ಷೆ ಕೂಡ ಒಂದು ಇಂದ್ರಜಾಲವೇ. ಕೆಲವರು ಅದರೊಳಗೆ ಹೋಗಿ ನಗುನಗುತ್ತಾ ಹೊರಬರುತ್ತಾರೆ, ಕೆಲವರು ಮಾಯವಾಗಿಬಿಡುತ್ತಾರೆ. ಒಳಗೆ ಏನು ನಡೆಯಿತೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ಜಾದೂವನ್ನು ಜಾದೂಗಾರನೇ ಬಿಡಿಸಬೇಕೆಂದು ಮಕ್ಕಳಿಗೆ ತೋಚಿದರೆ ಅದು ದಡ್ಡತನ ಹೇಗಾದೀತು?

ಜಾದೂಗಾರ ಗುಜರಾತಿಗೆ ಹೊರಗಿನವನಲ್ಲ. ದೇಶ ವಿದೇಶಗಳಲ್ಲಿ ಹೆಸರು ಮಾಡಿದ ಕೆ. ಲಾಲ್ ಈ ನಾಡಿನವರು, 2012ರಲ್ಲಿ ತೀರಿಕೊಂಡದ್ದು ಅಹಮದಾಬಾದಿನಲ್ಲಿ. ಇನ್ನೂ ಹಿಂದಕ್ಕೆ ಹೋದರೆ ಒಬ್ಬ ಪ್ರೊಫೆಸರ್ ಕೆಲ್ಫಾ ಸಿಗುತ್ತಾರೆ. ಆ ಹೆಸರನ್ನು ತಿರುವಿಹಾಕಿದರೆ ಸಿಗುವುದು ಫಾಲ್ಕೆ. ಭಾರತೀಯ ಚಿತ್ರರಂಗದ ಪಿತಾಮಹ ದಾದಾಸಾಹೇಬ್ ಫಾಲ್ಕೆ ಸಿನಿಮಾಕ್ಕೆ ಬರುವ ಮೊದಲು ಆ ಹೆಸರಿನಲ್ಲಿ ಜಾದೂ ಪ್ರದರ್ಶನ ಕೊಡುತ್ತಿದ್ದರು. ಅವರು ಕಲಿತ ಊರುಗಳಲ್ಲಿ ವಡೋದರಾ ಒಂದು, ಅಲ್ಲಿನ ಕಲಾಭವನ. 1919ರಲ್ಲಿ ಅವರು ತೆಗೆದ ‘ಕಾಳಿಯ ಮರ್ದನ’ದಲ್ಲಿ ಬಾಲಕೃಷ್ಣನಾಗಿ ನಟಿಸಿದ್ದು ಅವರ ಪುಟ್ಟ ಮಗಳು ಮಂದಾಕಿನಿ. ಬೆಣ್ಣೆ ಕದಿಯುವ ತುಂಟತನ, ಅಕ್ಕಪಕ್ಕದವರ ದೂರು, ಕೊನೆಗೆ ಮಡುವಿಗೆ ಧುಮುಕಿ ಸರ್ಪದ ಹೆಡೆಯ ಮೇಲೆ ಕುಣಿತ. ಹಾಸ್ಯವೂ ಇದೆ, ಅತಿಮಾನವ ಶಕ್ತಿಯೂ ಇದೆ, ಮನೆಮಂದಿಯೆಲ್ಲ ಕೂತು ನೋಡಲು ಅಡ್ಡಿಯೂ ಇಲ್ಲ. ಚಿತ್ರದ ಆರಂಭದಲ್ಲಿ ಫಾಲ್ಕೆ ಮಗಳನ್ನು ಮಗಳಾಗಿಯೇ ತೋರಿಸುತ್ತಾರೆ. ಆ ಹುಡುಗಿ ಸಿಟ್ಟು, ನಗು, ಬೆರಗು ಎಲ್ಲವನ್ನೂ ಮುಖದ ಮೇಲೆ ತಂದು ತೋರಿಸಿ ಆಮೇಲೆ ಕೃಷ್ಣನಾಗುತ್ತಾಳೆ. ಹಾಲಿವುಡ್ಡಿನ ಸೂಪರ್‌ಹೀರೊ ಮುಖವಾಡದ ಹಿಂದೆ ತನ್ನ ಗುರುತು ಮುಚ್ಚಿಡುವುದು ಇದಕ್ಕೆ ಎಷ್ಟೋ ವರ್ಷ ಈಚಿನ ಮಾತು. ನಮ್ಮಲ್ಲಿ ಮೊದಲು ಮಗುವನ್ನು ತೋರಿಸಿದರು, ದೇವರನ್ನು ಆಮೇಲೆ.

ವಡೋದರಾದ ಪ್ರಸ್ತಾಪ ಬಂತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಲೀನವಾದಾಗ ಇಲ್ಲಿರುವ ಎಷ್ಟೋ ಜನರ ಪಾಸ್‌ಬುಕ್ ಬದಲಾಯಿತು. ಬ್ಯಾಂಕ್ ಆಫ್ ಬರೋಡಾವನ್ನು 1908ರಲ್ಲಿ ಕಟ್ಟಿಸಿದ ಸಯ್ಯಾಜಿರಾವ್ ಗಾಯಕವಾಡರ ಬಾಲ್ಯವೇ ‘ಸ್ಕೈ ಹೈ’ಯ ವಿಂಗಡಣೆಯನ್ನು ನೆನಪಿಸುತ್ತದೆ. ನಾಸಿಕದ ಕಡೆಯ ಕವಳಾಣೆ ಎಂಬ ಹಳ್ಳಿಯ ಮೂವರು ಅಣ್ಣತಮ್ಮಂದಿರನ್ನು ಅರಮನೆಗೆ ಕರೆತಂದು, ಯಾರನ್ನು ದತ್ತು ತೆಗೆದುಕೊಳ್ಳುವುದೆಂದು ನೋಡಿದರು. ಯಾಕೆ ಬಂದಿದ್ದೀಯೆಂದು ಕೇಳಿದಾಗ ಗೋಪಾಲನೆಂಬ ಹುಡುಗ ‘ರಾಜ್ಯವಾಳಲು’ ಎಂದು ಉತ್ತರಿಸಿದನೆಂಬ ಐತಿಹ್ಯವಿದೆ. 1875ರಲ್ಲಿ ಅವನೇ ಮಹಾರಾಜನಾದ. ಹನ್ನೆರಡು ವರ್ಷದ ಆ ಹುಡುಗನಿಗೆ ಅಕ್ಷರ ಕಲಿಸುವ ಕೆಲಸ ಅದಾದ ಮೇಲೆ ಶುರುವಾಯಿತು. ತಡವಾಗಿ ಸ್ಲೇಟು ಹಿಡಿದ ಈ ದೊರೆ ಮುಂದೆ 1893ರಲ್ಲಿ ಅಮ್ರೇಲಿಯಲ್ಲಿ, 1906ರಲ್ಲಿ ಇಡೀ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಆಯ್ಕೆಯಾದ ಹುಡುಗ ಆಯ್ಕೆಯೇ ಇಲ್ಲದ ಶಾಲೆಗಳನ್ನು ಕಟ್ಟಿಸಿದ. ಯಾವ ಸ್ಟುಡಿಯೋದವರೂ ಇನ್ನೂ ಕೈಹಾಕದ ಚಿತ್ರಕಥೆ ಇದು.

ಇನ್ನೊಬ್ಬ ಹುಡುಗನ ಕಥೆ ಎಲ್ಲರಿಗೂ ಗೊತ್ತು, ಆದರೆ ಅದನ್ನು ಹಾಸ್ಯವಾಗಿ ಯಾರೂ ಓದುವುದಿಲ್ಲ. ರಾಜಕೋಟೆಯ ಹೈಸ್ಕೂಲು. ಜೈಲ್ಸ್ ಎಂಬ ಇನ್‌ಸ್ಪೆಕ್ಟರು ತಪಾಸಣೆಗೆ ಬಂದು ಐದು ಇಂಗ್ಲಿಷ್ ಪದಗಳನ್ನು ಉಕ್ತಲೇಖನ ಕೊಟ್ಟರು. ‘ಕೆಟಲ್’ ಎಂಬ ಪದದ ಕಾಗುಣಿತ ಒಬ್ಬ ಹುಡುಗನಿಗೆ ತಪ್ಪಿತು. ಮೇಷ್ಟ್ರು ಬೂಟಿನ ತುದಿಯಿಂದ ತಿವಿದು ಪಕ್ಕದವನ ಸ್ಲೇಟು ನೋಡಿಕೋ ಎಂದು ಸನ್ನೆ ಮಾಡಿದರು. ಹುಡುಗನಿಗೆ ಸನ್ನೆ ಅರ್ಥವಾಗಲಿಲ್ಲ. ಮೇಷ್ಟ್ರು ಇರುವುದೇ ಕಾಪಿ ಹೊಡೆಯದಂತೆ ನೋಡಿಕೊಳ್ಳಲು ಎಂದು ಅವನು ತಿಳಿದಿದ್ದ. ಇಡೀ ತರಗತಿಯಲ್ಲಿ ಅವನೊಬ್ಬನೇ ದಡ್ಡನೆನಿಸಿಕೊಂಡ. ಅದೇ ಶಾಲೆಯ ಇನ್ನೊಂದು ಪ್ರಸಂಗ ಕಡಿಮೆ ಪ್ರಸಿದ್ಧ. ಒಂದು ಶನಿವಾರ ಬೆಳಗಿನ ತರಗತಿ ಮುಗಿಸಿ ಸಂಜೆ ನಾಲ್ಕಕ್ಕೆ ಕಸರತ್ತಿಗೆ ಮತ್ತೆ ಹೋಗಬೇಕಿತ್ತು. ಹುಡುಗನ ಬಳಿ ಗಡಿಯಾರವಿಲ್ಲ. ಮೋಡ ಕವಿದು ಹೊತ್ತು ತಿಳಿಯಲಿಲ್ಲ. ಹೋಗಿ ನೋಡಿದರೆ ಎಲ್ಲರೂ ಮನೆಗೆ ಹೊರಟಾಗಿದೆ. ಮರುದಿನ ನಿಜ ಹೇಳಿದ್ದಕ್ಕೆ ಹೆಡ್‌ಮಾಸ್ತರು ನಂಬದೆ ದಂಡ ಹಾಕಿದರು. ಒಂದೋ ಎರಡೋ ಆಣೆ. ಹುಡುಗನಿಗೆ ನೋವಾದದ್ದು ಆಣೆಗಾಗಿ ಅಲ್ಲ, ಸುಳ್ಳುಗಾರನೆನಿಸಿಕೊಂಡದ್ದಕ್ಕೆ. ಅವನೇ 1887ರಲ್ಲಿ ಮೆಟ್ರಿಕ್ ಪರೀಕ್ಷೆ ಬರೆಯಲು ಅಹಮದಾಬಾದಿಗೆ ಬಂದ. ರಾಜಕೋಟೆಯಿಂದ ಅಹಮದಾಬಾದಿಗೆ ಅವನ ಮೊದಲ ಪ್ರಯಾಣ ಅದು, ಅದೂ ಜೊತೆಗಾರರಿಲ್ಲದೆ ಒಬ್ಬನೇ. ಪಾಸಾದದ್ದು ಶೇಕಡ 40ರ ಆಸುಪಾಸಿನ ಅಂಕಗಳಿಂದ. ಇಂದಿನ ಕೋಚಿಂಗ್ ಕ್ಲಾಸಿನವರು ಮೋಹನದಾಸ ಗಾಂಧಿಯ ಫೋಟೋವನ್ನು ತಮ್ಮ ಬ್ಯಾನರಿನಲ್ಲಿ ಹಾಕಿಕೊಳ್ಳುತ್ತಿರಲಿಲ್ಲ. ಅವನು ಓದಿದ ಆಲ್ಫ್ರೆಡ್ ಹೈಸ್ಕೂಲನ್ನು 2017ರಲ್ಲಿ ಮುಚ್ಚಿ ಮರುವರ್ಷ ವಸ್ತುಸಂಗ್ರಹಾಲಯ ಮಾಡಿದರು.

ಕಾಪಿ ಹೊಡೆಯಲು ಮೇಷ್ಟ್ರೇ ಸನ್ನೆ ಮಾಡುವ ಆ ದೃಶ್ಯಕ್ಕಿಂತ ಒಳ್ಳೆಯ ಶಾಲಾ ಹಾಸ್ಯವನ್ನು ನಾನು ಯಾವ ಚಿತ್ರದಲ್ಲೂ ಕಂಡಿಲ್ಲ. ಅಲ್ಲಿ ಎಲ್ಲರೂ ಒಂದು ಗುಟ್ಟನ್ನು ಬಲ್ಲರು, ಒಬ್ಬ ಮಾತ್ರ ತಿಳಿಯದವನು. ಅವನ ತಿಳಿಯದಿರುವಿಕೆಯೇ ಮುಂದೆ ಒಂದು ಸಾಮ್ರಾಜ್ಯಕ್ಕೆ ತಲೆನೋವಾಯಿತು.

ಮನೀಶ್ ಸೈನಿ ಇದನ್ನು ಹಿಡಿದರೋ ಏನೋ, ಅವರ ಮುಂದಿನ ಮಕ್ಕಳ ಚಿತ್ರದ ಹೆಸರೇ ‘ಗಾಂಧಿ ಅಂಡ್ ಕೋ.’. 2023ರಲ್ಲಿ ಪ್ರಕಟವಾದ 69ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಮಕ್ಕಳ ಚಿತ್ರ. ಅದೇ ಪಟ್ಟಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರ ನಮ್ಮ ‘777 ಚಾರ್ಲಿ’. ತುಂಟಾಟದಿಂದ ಪೇಚಿಗೆ ಸಿಕ್ಕ ಹುಡುಗರು, ಗಾಂಧಿ ಮಾರ್ಗದಲ್ಲಿ ನಡೆಯುವ ಒಬ್ಬ ಹಿರಿಯರು, ಆ ಪ್ರಭಾವದಲ್ಲಿ ತಾನೂ ಗಾಂಧಿಯಾಗಿಬಿಡಲು ಹೊರಟ ಹುಡುಗ. ಸೂಪರ್‌ಹೀರೊ ಕಥೆಯ ಸಾಮಗ್ರಿಗಳನ್ನು ಒಂದೊಂದಾಗಿ ಎಣಿಸಿ ನೋಡಿ. ದೂರದಿಂದಲೇ ಗುರುತಾಗುವ ಉಡುಪು, ಕನ್ನಡಕ, ಕೋಲು; ಎಲ್ಲರಿಗೂ ಗೊತ್ತಿರುವ ಶಕ್ತಿ; ಅದನ್ನು ಎಲ್ಲೆಂದರಲ್ಲಿ ಪ್ರಯೋಗಿಸಿ ಎಡವಟ್ಟು ಮಾಡಿಕೊಳ್ಳುವ ಹೊಸಬ. ಇಂಥ ಚಿತ್ರ ಸಾಬರಮತಿಯ ನಾಡಿನಲ್ಲಿ ಹುಟ್ಟದೆ ಇನ್ನೆಲ್ಲಿ ಹುಟ್ಟೀತು?

ಮೂರು ನಗರಗಳ ಜನ ಇಲ್ಲಿದ್ದೀರಿ. ಮೂರನ್ನೂ ಒಂದೇ ಎಳೆಯಲ್ಲಿ ಪೋಣಿಸುವ ಇನ್ನೊಬ್ಬ ವಿದ್ಯಾರ್ಥಿಯಿದ್ದಾನೆ. ವಿನಾಯಕ ಭಾವೆ, ಮುಂದೆ ವಿನೋಬಾ. ಓದಿದ್ದು ವಡೋದರಾದಲ್ಲಿ. ಅವರ ತಾಯಿ ರುಕ್ಮಿಣಿದೇವಿ ಕರ್ನಾಟಕದವರು, ಹಾಗಾಗಿ ವಡೋದರಾ ಕನ್ನಡಿಗರು ವಿನೋಬರನ್ನು ಅರ್ಧ ನಮ್ಮವರೆಂದು ಹೇಳಿಕೊಳ್ಳಬಹುದು. ಒಂದು ದಿನ ಹುಡುಗ ತನ್ನ ಪ್ರಮಾಣಪತ್ರಗಳನ್ನು ಅಡುಗೆಮನೆಯ ಒಲೆಗೆ ಹಾಕಿದ. 1916ರ ಮಾರ್ಚ್‌ನಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆಯಲು ಮುಂಬೈ ರೈಲು ಹತ್ತಿದವನು ಸೂರತ್‌ನಲ್ಲಿ ಇಳಿದುಬಿಟ್ಟ. ಅಲ್ಲಿಂದ ಬೇರೆ ರೈಲು ಹಿಡಿದು ಕಾಶಿಗೆ. ಜೂನ್ ಹೊತ್ತಿಗೆ ಅಹಮದಾಬಾದಿನ ಕೋಚರಬ್ ಆಶ್ರಮದಲ್ಲಿ, ಶೇಕಡ 40ರ ಆ ಹಳೆಯ ಮೆಟ್ರಿಕ್ ವಿದ್ಯಾರ್ಥಿಯ ಮುಂದೆ. ಮುಂದಿನ ಸಾಲಿನ ಮಕ್ಕಳು ಇದನ್ನು ಸಲಹೆಯೆಂದು ತೆಗೆದುಕೊಳ್ಳಬಾರದು. ನಿಮ್ಮ ತಾಯಂದಿರು ಆಗಲೇ ನನ್ನನ್ನು ದಿಟ್ಟಿಸುತ್ತಿದ್ದಾರೆ.

ನಮ್ಮ ಹಳೆಯ ಕಥೆಗಳಲ್ಲಿ ಬಹುಪಾಲು ಶಾಲೆಯ ಸುತ್ತಲೇ ನಡೆಯುವ ಅತಿಮಾನವ ಕಥೆ ಒಂದಿದೆಯಲ್ಲ, ಪ್ರಹ್ಲಾದ ಚರಿತ್ರೆ. ಅಪ್ಪ ಲೋಕವನ್ನೇ ಗೆದ್ದ ಮಹಾಬಲ. ಮಗ ಅಪ್ಪ ಗೊತ್ತುಮಾಡಿದ ಪಾಠ ಒಪ್ಪಿಸುವುದಿಲ್ಲ. ಚಂಡಾಮಾರ್ಕರೆಂಬ ಗುರುಗಳ ಕಷ್ಟ ಹೇಳತೀರದು: ಹುಡುಗನಿಗೆ ಕಲಿಸಲಾರರು, ಕಲಿಸಲಾಗಲಿಲ್ಲವೆಂದು ಅಪ್ಪನಿಗೆ ಹೇಳಲಾರರು. ಬಯಲಾಟ, ಯಕ್ಷಗಾನಗಳಲ್ಲಿ ಆ ಗುರುಗಳಿಗೆ ಸಿಗುವ ನಗು ಸುಮ್ಮನೆ ಹುಟ್ಟಿದ್ದಲ್ಲ, ಪ್ರತಿ ಊರಿನ ಮೇಷ್ಟ್ರೂ ಊರ ಗೌಡನ ಮಗನಿಗೆ ಪಾಠ ಹೇಳಿದವರೇ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಎದುರು ಪುಟ್ಟ ಪುನೀತ್ ನಿಂತದ್ದನ್ನು ಇಲ್ಲಿರುವವರು ಮರೆತಿರಲಾರರು. ಆ ಹುಡುಗನ ಬಳಿ ಶಕ್ತಿಯೆಂಬುದೇ ಇಲ್ಲ. ಕಂಬ ಒಡೆದು ಬರುವ ಶಕ್ತಿ ಇನ್ನೊಬ್ಬನದು. ಹುಡುಗನದು ‘ಒಲ್ಲೆ’ ಎಂಬ ಒಂದು ಮಾತು. ಸತ್ಯಾಗ್ರಹಿಗೆ ಮಾದರಿ ಯಾರೆಂದಾಗ ಗಾಂಧೀಜಿ ಮತ್ತೆ ಮತ್ತೆ ಪ್ರಹ್ಲಾದನ ಹೆಸರು ಹೇಳುತ್ತಿದ್ದರು.

ಇಷ್ಟೆಲ್ಲ ಸರಕು ಮನೆಯಲ್ಲಿರುವಾಗ ನಮ್ಮ ಪರದೆಯ ಸೂಪರ್‌ಹೀರೊ ಏನು ಮಾಡಿದ? 1997ರಲ್ಲಿ ದೂರದರ್ಶನಕ್ಕೆ ಶಕ್ತಿಮಾನ್ ಬಂದ. ಗಿರಗಿರನೆ ತಿರುಗಿ ಹಾರುತ್ತಿದ್ದ, ಮಕ್ಕಳು ಹುಚ್ಚಾದರು. ಸರಿಯೇ. ಆದರೆ ಕಂತಿನ ಕೊನೆಗೆ ಆತ ಮಕ್ಕಳಿಗೆ ಬುದ್ಧಿ ಹೇಳಲು ನಿಲ್ಲುತ್ತಿದ್ದ. ಹಾಲು ಕುಡಿಯದ, ಕಸ ಎಸೆದ ಮಗು ತಲೆತಗ್ಗಿಸಿ ‘ಸಾರಿ ಶಕ್ತಿಮಾನ್’ ಎನ್ನಬೇಕು. ಬ್ರಹ್ಮಾಂಡವನ್ನು ಕಾಯುವವನು ಕೊನೆಗೆ ಪ್ರಾರ್ಥನೆಯ ಸಾಲಿನಲ್ಲಿ ಉಗುರು ನೋಡುವ ಮೇಷ್ಟ್ರಾಗಿಬಿಟ್ಟ. ‘ಸಕುಟುಂಬ ಪರಿವಾರ ಸಮೇತ ನೋಡಿ ಆನಂದಿಸಿ’ ಎಂದು ನಮ್ಮ ಊರಿನ ಪೋಸ್ಟರುಗಳಲ್ಲಿ ಬರೆಯುತ್ತಿದ್ದರಲ್ಲ, ಆ ಮಾತಿನ ಅರ್ಥ ಬರಬರುತ್ತಾ ‘ದೊಡ್ಡವರಿಗೆ ಮುಜುಗರವಾಗದ, ಚಿಕ್ಕವರಿಗೆ ಉಪದೇಶ ತಪ್ಪದ ಚಿತ್ರ’ ಎಂದಾಗಿದೆ. ಇದು ಸಲ್ಲದು.

ಸೂರತ್‌ನವರಿಗೆ ಇದಕ್ಕೆ ಉತ್ತರ ಗೊತ್ತಿತ್ತು. ಅಲ್ಲಿನ ಮಕ್ಕಳ ಪತ್ರಿಕೆ ‘ಗಾಂಡೀವ’ದಲ್ಲಿ 1936ರಿಂದ ಹರಿಪ್ರಸಾದ ವ್ಯಾಸರು ಬಕೋರ್ ಪಟೇಲನ ಕಥೆಗಳನ್ನು ಬರೆದರು. ಬಕೋರ್ ಪಟೇಲ್ ಒಂದು ಆಡು, ಪಕ್ಕಾ ಗೃಹಸ್ಥ. ಹೆಂಡತಿ ಶಕರಿ ಪಟಲಾಣಿ. ದೊಡ್ಡವರ ದೊಡ್ಡಸ್ತಿಕೆ ತಲೆಕೆಳಗಾಗುವುದನ್ನು ನೋಡಿ ಗುಜರಾತಿನ ಮಕ್ಕಳು ತಲೆಮಾರುಗಳ ಕಾಲ ನಕ್ಕರು. ಆ ಕಥೆಗಳಲ್ಲಿ ನಗೆ ಹರಿಯುವುದು ಕೆಳಗಿನಿಂದ ಮೇಲಕ್ಕೆ. ಶಾಲಾ ಹಾಸ್ಯಕ್ಕೆ ಬೇಕಾದದ್ದೂ ಅದೇ.

ಇನ್ನು ನಮ್ಮ ಕಾಸರಗೋಡು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಕೇರಳಕ್ಕೆ ಹೋಯಿತು. ಅಲ್ಲಿಯೂ ಒಂದು ವಿಂಗಡಣೆ, ಮಕ್ಕಳನ್ನು ಕೇಳದೆ ಮಾಡಿದ್ದು. ರಿಷಭ್ ಶೆಟ್ಟರ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರ ಆಗಸ್ಟ್‌ನಲ್ಲಿ ಬಂತು. ಕನ್ನಡ ಶಾಲೆಗೆ ಮಲಯಾಳ ಮಾತ್ರ ಬಲ್ಲ ಗಣಿತದ ಮೇಷ್ಟ್ರು ಬರುತ್ತಾರೆ. ಶಾಲೆ ಮುಚ್ಚುವ ಭೀತಿ. ಮಕ್ಕಳು ಮೈಸೂರಿಗೆ ಹೋಗಿ ಅನಂತ ನಾಗ್ ಅವರ ಪಾತ್ರವನ್ನು ಹುಡುಕಿ ಕರೆತರುತ್ತಾರೆ. ‘ಢ’ದ ಹುಡುಗರು ಜಾದೂಗಾರನಿಗೆ ಕಾಗದ ಬರೆದಂತೆಯೇ ಇದು, ಬಲವಿರುವ ದೊಡ್ಡವನೊಬ್ಬನನ್ನು ಹೊರಗಿನಿಂದ ತರುವ ಯತ್ನ. ಬಂದ ಮಹಾನುಭಾವನಿಗೆ ಹಾರಲು ಬರುವುದಿಲ್ಲ. ಬಾಯಿ ಮಾತ್ರ ಬಲು ಜೋರು. ನನಗೆ ಆ ಚಿತ್ರದ ಮೇಲೆ ಒಂದು ತಕರಾರಿದೆ. ಕೊನೆಯ ನ್ಯಾಯಾಲಯದ ದೃಶ್ಯದಲ್ಲಿ ಮಕ್ಕಳು ಪ್ರೇಕ್ಷಕರಾಗಿಬಿಡುತ್ತಾರೆ, ಚಪ್ಪಾಳೆಯೆಲ್ಲ ಹಿರಿಯ ನಟನಿಗೆ ಹೋಗುತ್ತದೆ. ಮೊದಲರ್ಧದ ಆ ಪುಂಡ ಹುಡುಗರ ಕೈಯಲ್ಲೇ ವಾದ ಮಾಡಿಸಬೇಕಿತ್ತು. ಆದರೂ ಗಡಿನಾಡಿನ ಶಾಲೆಯ ನೋವನ್ನು ಗೋಳಾಡದೆ ನಗಿಸುತ್ತಾ ಹೇಳಿದ ಇನ್ನೊಂದು ಕನ್ನಡ ಚಿತ್ರ ಸದ್ಯಕ್ಕೆ ನೆನಪಾಗುತ್ತಿಲ್ಲ. 66ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಮಕ್ಕಳ ಚಿತ್ರವಾಯಿತು. ಅದೇ ವರ್ಷ ಇಡೀ ದೇಶದ ಅತ್ಯುತ್ತಮ ಕಥಾಚಿತ್ರ ಗುಜರಾತಿಯ ‘ಹೆಲ್ಲಾರೊ’.

ಮಕ್ಕಳ ಚಿತ್ರಗಳಿಗೆಂದೇ 1955ರಲ್ಲಿ ಸ್ಥಾಪಿಸಿದ ಮಕ್ಕಳ ಚಲನಚಿತ್ರ ಸಂಸ್ಥೆ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಹೋಯಿತು. ಹಾಗಾಗಿ ಇಂಥ ಚಿತ್ರಗಳನ್ನು ಹುಡುಕಿ ಮಕ್ಕಳ ಮುಂದಿಡುವ ಕೆಲಸ ನಮ್ಮ ನಿಮ್ಮಂಥ ಸಂಘಗಳ ಮೇಲೇ ಬಿದ್ದಿದೆ. ಈ ಮೂರು ಊರುಗಳ ಕನ್ನಡ ಸಂಘಗಳವರಲ್ಲಿ ನನ್ನ ಕೋರಿಕೆ ಇಷ್ಟು. ಬರುವ ರಾಜ್ಯೋತ್ಸವಕ್ಕೆ ಛದ್ಮವೇಷ ಸ್ಪರ್ಧೆಯ ಜೊತೆಗೆ ಒಂದು ಭಾನುವಾರ ‘ಢ’ ಮತ್ತು ‘ಸರ್ಕಾರಿ ಶಾಲೆ’ ಎರಡನ್ನೂ ಒಟ್ಟಿಗೆ ತೋರಿಸಿ. ನಿಮ್ಮ ಮಕ್ಕಳು ತಮ್ಮ ಗುಜರಾತಿ ಗೆಳೆಯರನ್ನೂ ಕರೆತರಲಿ, ಒಂದಕ್ಕೆ ಇವರು ಅರ್ಥ ಹೇಳಲಿ, ಇನ್ನೊಂದಕ್ಕೆ ಅವರು. ಚಿತ್ರ ಮುಗಿದಮೇಲೆ ದಯವಿಟ್ಟು ಯಾರೂ ಮೈಕ್ ಹಿಡಿದು ‘ಇದರಿಂದ ನೀವು ಕಲಿತದ್ದೇನು’ ಎಂದು ಕೇಳಬೇಡಿ. ನೇರವಾಗಿ ಊಟಕ್ಕೆ ಬಿಡಿ.